ನಲ್ಲಿಯ ಮೇಲಿನ ಬಿಳಿಯ ಕಲೆ

ಸ್ಮರಣಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ವೈದ್ಯನಲ್ಲ, ರಸಾಯನಶಾಸ್ತ್ರ ಓದಿದವನೂ ಅಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡುತ್ತಿರುವವನು. ಹೃದಯ, ಮಧುಮೇಹ, ರಕ್ತದ ಒತ್ತಡ ಮೊದಲಾದ ದೊಡ್ಡ ವಿಷಯಗಳನ್ನು ನಮ್ಮ ಸಂಘದ ವೈದ್ಯ ಸದಸ್ಯರು ಪ್ರತಿವರ್ಷವೂ ಚೆನ್ನಾಗಿ ತಿಳಿಸುತ್ತ ಬಂದಿದ್ದಾರೆ. ಆದ್ದರಿಂದ ನಾನು ಆರಿಸಿಕೊಂಡಿರುವುದು ತೀರ ಸಣ್ಣ ವಿಷಯ: ಅಡುಗೆಮನೆಯ ಸಿಂಕಿನ ಮೇಲೂ ನಲ್ಲಿಯ ಮೇಲೂ ಕೂಡುವ ಬಿಳಿಯ ನೀರಿನ ಕಲೆ. ಈ ಸಣ್ಣ ಕಲೆಯನ್ನು ತೆಗೆಯಹೋಗಿ ನಾನು ನನ್ನ ತಾಯಿಯವರನ್ನು ಆಸ್ಪತ್ರೆಗೆ ಸೇರಿಸುವಂತಾಯಿತು. ಆದುದರಿಂದ ಇದನ್ನು ಆರೋಗ್ಯದ ವಿಷಯವೆಂದು ಕರೆಯಲು ನನಗೆ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಪುಣೆಯ ಎರಡು ಬಗೆಯ ನೀರು

ಪುಣೆಗೆ ವರ್ಗವಾಗಿ ಬಂದ ಮೊದಲ ವರ್ಷಗಳಲ್ಲಿ ನಾವು ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ಬಾಡಿಗೆಗಿದ್ದೆವು. ಅಲ್ಲಿಯ ನಲ್ಲಿಯಲ್ಲಿ ಬರುತ್ತಿದ್ದುದು ಮಹಾನಗರಪಾಲಿಕೆಯ ನೀರು. ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯ ಬಾವಿಯ ಸವಳು ನೀರು ಕುಡಿದು ಬೆಳೆದ ನನ್ನ ತಾಯಿಯವರು ಮೊದಲ ದಿನವೇ ಬೇಳೆ ಬೇಯಲಿಟ್ಟು, “ಅಬ್ಬಾ, ಎಂಥಾ ಸಿಹಿನೀರೋ ಇದು, ಒಂದು ಕುದಿಗೆ ಬೇಳಿ ಕರಗಿತು!” ಎಂದು ಸಂತೋಷಪಟ್ಟಿದ್ದರು. ಮುಂದೆ ಸಾಲ ಮಾಡಿ ನಗರದ ಪೂರ್ವದಂಚಿನ ಬಡಾವಣೆಯಲ್ಲಿ ಸ್ವಂತ ಮನೆ ಕೊಂಡೆವು. ಅಲ್ಲಿ ನೀರು ಬರುವುದು ಸೊಸಾಯಿಟಿಯ ಕೊಳವೆಬಾವಿಯಿಂದ, ಬೇಸಿಗೆಯಲ್ಲಿ ಟ್ಯಾಂಕರಿನಿಂದ. ಹೊಸ ಸಿಂಕು ಮೂರೇ ತಿಂಗಳಲ್ಲಿ ಸುಣ್ಣ ಬಳಿದಂತಾಯಿತು. ನಲ್ಲಿಯ ಕುತ್ತಿಗೆಗೆ ಬಿಳಿಯ ಉಂಗುರ ಬಿದ್ದಿತು. ಬೇಳೆ ಮೂರು ಸೀಟಿಗೆ ಬೇಯುವುದು ಆರು ಸೀಟಿಗೂ ಬೇಯದಾಯಿತು.

ಒಂದೇ ಊರಿನಲ್ಲಿ ಹೀಗೇಕೆ? ಕಾರಣ ಭೂಗರ್ಭದಲ್ಲಿದೆ. ಪುಣೆಯ ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು. ಅಲ್ಲಿ ಸುರಿದ ಮಳೆ ತಾನಾಜಿಸಾಗರವೆಂದು ಕರೆಯುವ ಪಾನಶೇತ್, ವರಸಗಾವ್, ಟೇಮಘರ್ ಅಣೆಕಟ್ಟುಗಳಲ್ಲಿ ನಿಂತು ಖಡಕವಾಸಲಾ ಜಲಾಶಯಕ್ಕೆ ಇಳಿದು ನಗರಕ್ಕೆ ಬರುತ್ತದೆ. ನೆಲದ ಮೇಲೆಯೇ ಹರಿದು ಬಂದ ಈ ಮಳೆನೀರಿಗೆ ಕಲ್ಲಿನೊಡನೆ ಹೆಚ್ಚು ಕಾಲ ಸಹವಾಸವಿರುವುದಿಲ್ಲ. ಆದ್ದರಿಂದ ಅದು ಮೃದು ನೀರು. ಪುಣೆಯವರಿಗೆ ದೂರದಿಂದ ಸಿಹಿನೀರು ತರುವ ಅಭ್ಯಾಸ ಇಂದಿನದಲ್ಲ. 18ನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯವರು ಕಾತ್ರಜ್ ಕೆರೆಯಿಂದ ನೆಲದಡಿಯ ಕಾಲುವೆ ಕಟ್ಟಿಸಿ ಪೇಠೆಗಳ ಹೌದುಗಳಿಗೆ ನೀರು ತಂದರು. ಖಡಕವಾಸಲಾದ ಕಲ್ಲಿನ ಕಟ್ಟೆ ಎದ್ದದ್ದು 19ನೆಯ ಶತಮಾನದಲ್ಲಿ. 1961ರ ಜುಲೈ 12ರಂದು ಪಾನಶೇತ್ ಒಡೆದು ಖಡಕವಾಸಲಾವೂ ಕೊಚ್ಚಿಹೋಗಿ ಊರೆಲ್ಲ ಮುಳುಗಿದ ದಿನವನ್ನು ಹಿರಿಯ ಪುಣೇಕರರು ಇಂದಿಗೂ ನೆನೆಯುತ್ತಾರೆ. ಕಟ್ಟೆಯನ್ನು ಮತ್ತೆ ಕಟ್ಟಿದರು. ನಗರ ಮತ್ತೆ ಅದೇ ನೀರನ್ನು ಕುಡಿಯಿತು.

ಆದರೆ ನಗರ ಕಟ್ಟೆಗಿಂತ ವೇಗವಾಗಿ ಬೆಳೆಯಿತು. 2017ರಲ್ಲಿ 11 ಹಳ್ಳಿಗಳೂ 2021ರಲ್ಲಿ 23 ಹಳ್ಳಿಗಳೂ ಮಹಾನಗರಪಾಲಿಕೆಯ ಸೀಮೆಗೆ ಸೇರಿದವು. ಅಂಚಿನ ಎಷ್ಟೋ ಸೊಸಾಯಿಟಿಗಳು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನೆಚ್ಚಿಕೊಂಡವು. ಈ ಕೊಳವೆಬಾವಿಗಳು ಕೊರೆಯುವುದು ದಖ್ಖನ್ ಟ್ರ್ಯಾಪ್ ಎಂಬ ಕಪ್ಪುಶಿಲೆಯನ್ನು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸವನ್ನು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗಿ ಈ ಶಿಲೆಯ ಬಿರುಕುಗಳಲ್ಲಿ ಇಂಗುತ್ತದೆ. ಹೋಗುವಾಗ ಕಲ್ಲಿನಿಂದ ಕ್ಯಾಲ್ಷಿಯಮನ್ನೂ ಮೆಗ್ನೀಷಿಯಮನ್ನೂ ಕರಗಿಸಿಕೊಂಡು ಬೈಕಾರ್ಬೊನೇಟ್ ರೂಪದಲ್ಲಿ ಹೊತ್ತೊಯ್ಯುತ್ತದೆ. ಇದೇ ಗಡಸು ನೀರು. ಕಣ್ಣಿಗೆ ಸ್ಫಟಿಕದಂತೆ ತಿಳಿಯಾಗಿರುತ್ತದೆ. ಹೊತ್ತುತಂದ ಸಾಲ ಮಾತ್ರ ಕಾಣುವುದಿಲ್ಲ.

ಸಾಲ ಕಾಣುವುದು ನೀರು ಆರಿದಾಗ. ಸಿಂಕಿನ ಮೇಲೆ ನಿಂತ ಹನಿ ಆವಿಯಾಗತೊಡಗಿದೊಡನೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಬೈಕಾರ್ಬೊನೇಟ್ ಒಡೆದು ಕರಗದ ಕ್ಯಾಲ್ಷಿಯಂ ಕಾರ್ಬೊನೇಟ್ ಆಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಸುಣ್ಣದಕಲ್ಲು, ಸೀಮೆಸುಣ್ಣ, ಕಪ್ಪೆಚಿಪ್ಪು ಎಲ್ಲವೂ ಇದೇ ವಸ್ತು. ನಮ್ಮ ಊರಿನ ಬಚ್ಚಲಮನೆಯ ತಾಮ್ರದ ಹಂಡೆಯೊಳಗೆ ವರ್ಷವರ್ಷವೂ ಪದರಗಟ್ಟುತ್ತಿದ್ದ ಬಿಳಿಯ ಹೊಪ್ಪಳಿಕೆ ನೆನಪಿದೆಯಲ್ಲವೆ? ಅದು ಕಾಯಿಸಿದ್ದರಿಂದ ಬೇಗ ಕಟ್ಟಿತು, ಇದು ಆರಿದ್ದರಿಂದ ನಿಧಾನವಾಗಿ ಕಟ್ಟಿತು, ಅಷ್ಟೇ ವ್ಯತ್ಯಾಸ.

ಒಂದು ಹನಿಯ ಜಮಾ-ಖರ್ಚು

ನಾನು ಬ್ಯಾಂಕಿನವನಾದ್ದರಿಂದ ಲೆಕ್ಕ ಹಾಕದೆ ಬಿಡಲಾರೆ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನಕದ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿರಬೇಕು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಅವಕಾಶವುಂಟು. ನಮ್ಮ ಲೆಕ್ಕಕ್ಕೆ 300 ಎಂದು ಹಿಡಿಯೋಣ.

ಒಂದು ಹೊತ್ತಿನ ಪಾತ್ರೆ ತೊಳೆದ ಮೇಲೆ ಸಿಂಕಿನ ಗೋಡೆ, ನಲ್ಲಿ, ಅಂಚು ಇವೆಲ್ಲ ಸೇರಿ 20 ಮಿಲಿಲೀಟರ್ ನೀರು ಅಲ್ಲಿಯೇ ಉಳಿದು ಆರುತ್ತದೆಯೆನ್ನೋಣ. ಅಂದರೆ ನಾಲ್ಕು ಚಹದ ಚಮಚೆ. ದಿನಕ್ಕೆ ಆರು ಸಲ ಸಿಂಕು ಬಳಸಿದರೆ 120 ಮಿಲಿಲೀಟರ್. ಅದರಲ್ಲಿರುವ ಸುಣ್ಣ 36 ಮಿಲಿಗ್ರಾಂ. ದಿನದ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ 365 ದಿನಗಳಿಗೆ 13 ಗ್ರಾಮಿಗೂ ಮಿಕ್ಕುತ್ತದೆ. ಹದಿಮೂರು ಗ್ರಾಂ ಸೀಮೆಸುಣ್ಣವನ್ನು ಪುಡಿಮಾಡಿ ನಿಮ್ಮ ಸಿಂಕಿಗೂ ನಲ್ಲಿಗೂ ಮೆತ್ತಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿರಿ. ನೀರಿನ ಗಡಸುತನ 60 ಮಾತ್ರವಿದ್ದಲ್ಲಿ ಇದೇ ಲೆಕ್ಕ ವರ್ಷಕ್ಕೆ ಎರಡೂವರೆ ಗ್ರಾಮಿನ ಆಸುಪಾಸು ನಿಲ್ಲುತ್ತದೆ.

ಸೋರುವ ನಲ್ಲಿಯದು ಮತ್ತೊಂದು ಲೆಕ್ಕ. ಕ್ಷಣಕ್ಕೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದರೂ ನಾಲ್ಕು ಲೀಟರಿಗೆ ಮೇಲೆ. ವರ್ಷಕ್ಕೆ 1,500 ಲೀಟರಿಗೂ ಅಧಿಕ. ಹಣ ಕೊಟ್ಟು ಟ್ಯಾಂಕರ್ ತರಿಸುವ ಊರಿನಲ್ಲಿ ಇದು ನಷ್ಟ. ಹನಿ ಬೀಳುವ ಜಾಗದಲ್ಲಿಯೇ ಕಲೆ ಎಲ್ಲಕ್ಕಿಂತ ದಪ್ಪವಾಗಿ ಕೂಡುತ್ತದೆ. ಕೆಲವೇ ರೂಪಾಯಿಯ ವಾಷರು ಬದಲಾಯಿಸಿದರೆ ಎರಡೂ ನಿಲ್ಲುತ್ತವೆ.

ಈ ಲೆಕ್ಕದಿಂದ ಹೊರಡುವ ತತ್ತ್ವ ಒಂದೇ. ಕಲೆಯನ್ನು ಮಾಡುವುದು ಹರಿದುಹೋದ ನೀರಲ್ಲ. ಉಳಿದು ಆರಿದ ನೀರು. ಆರುವ ಮೊದಲೇ ಬಟ್ಟೆಯಿಂದ ಒರೆಸಿಬಿಟ್ಟರೆ ಸುಣ್ಣವೂ ಬಟ್ಟೆಯೊಡನೆ ಹೋಗುತ್ತದೆ. ಬ್ಯಾಂಕಿನಲ್ಲಿ ಅಂದಿನ ವಹಿವಾಟನ್ನು ಅಂದೇ ತಾಳೆ ಮಾಡಿ ಮುಗಿಸುವಂತೆ, ಸಿಂಕಿನ ಲೆಕ್ಕವನ್ನೂ ಅಂದಂದೇ ಮುಗಿಸಬೇಕು. ಬಾಕಿ ಉಳಿಸಿದರೆ ಅದು ಗಟ್ಟಿಯಾಗುತ್ತದೆ. ಗಟ್ಟಿಯಾದುದನ್ನು ತೆಗೆಯಲು ಉಗ್ರ ಉಪಾಯಗಳನ್ನು ಹುಡುಕುವ ಮನಸ್ಸಾಗುತ್ತದೆ. ನನಗೆ ಆದದ್ದು ಅದೇ.

ನಾನು ಮಾಡಿದ ಅಪರಾಧ

ಕೆಲವು ವರ್ಷಗಳ ಹಿಂದೆ, ಗಣೇಶ ಚತುರ್ಥಿಯ ಹಿಂದಿನ ದಿನ. ಮನೆಗೆ ನೆಂಟರು ಬರುವವರಿದ್ದರು. ಸಿಂಕು ಹೊಳೆಯಬೇಕೆಂದು ನನಗೆ ಹಟ ಹಿಡಿಯಿತು. ಸೈಕಲ್ಲಿನ ಮೇಲೆ ಫಿನಾಯಿಲು, ಆಸಿಡ್ಡು ಮಾರಿಕೊಂಡು ಬರುವವನಿಂದ ಹೆಸರಿಲ್ಲದ ಬಾಟಲಿಯೊಂದನ್ನು ಕೊಂಡೆ. ನನ್ನ ಮನೆಯವರು, “ಅದು ಪಾಯಖಾನೆಗೆ ಹಾಕುವುದು, ಅಡುಗೆಮನೆಗೆ ಬೇಡ” ಎಂದರು. ನಾನು ಕೇಳಲಿಲ್ಲ.

ಆಸಿಡ್ಡು ಸುರಿದೊಡನೆ ಬುಸುಬುಸು ನೊರೆ ಬಂದು ಬಿಳಿಯ ಕಲೆಯೆಲ್ಲ ಮಾಯವಾಯಿತು. ನನಗೆ ಹಿಗ್ಗೋ ಹಿಗ್ಗು. ಮೂಲೆಯ ಕೊಳೆಯೂ ವಾಸನೆಯೂ ಹೋಗಲೆಂದು, ತೊಳೆಯುವ ಮೊದಲೇ ಅದರ ಮೇಲೆ ಒಂದು ಹಿಡಿ ಬ್ಲೀಚಿಂಗ್ ಪುಡಿ ಚೆಲ್ಲಿದೆ. ಮರುಕ್ಷಣ ಹಸಿರುಹಳದಿಯ ಹೊಗೆಯೊಂದು ಎದ್ದು ಮುಖಕ್ಕೆ ರಾಚಿತು. ಕಣ್ಣಲ್ಲಿ ನೀರು, ಗಂಟಲಿನಲ್ಲಿ ಬೆಂಕಿ. ಕೆಮ್ಮುತ್ತ ಹೊರಗೆ ಓಡಿಬಂದೆ. ನನ್ನ ಕೆಮ್ಮು ಕೇಳಿ ಏನಾಯಿತೋ ಎಂದು ನನ್ನ ತಾಯಿಯವರು ಅಡುಗೆಮನೆಗೆ ಬಂದರು. ಅವರಿಗೆ ಮೊದಲೇ ಉಬ್ಬಸ. ಎರಡು ನಿಮಿಷದಲ್ಲಿ ಅವರ ತುಟಿ ನೀಲಿಯಾಗತೊಡಗಿತು. ಪಕ್ಕದ ಮನೆಯ ಮರಾಠಿ ಬಂಧುಗಳು ರಿಕ್ಷಾ ಕರೆತಂದರು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಎರಡು ದಿನ ಇಟ್ಟುಕೊಂಡರು. ಆ ವರ್ಷ ನಮ್ಮ ಮನೆಯ ಗಣಪತಿಗೆ ಮೋದಕವಾಗಲಿಲ್ಲ.

ಉಸಿರು ಸರಿಹೋದ ಮೇಲೆ ಅವರು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ಒಂದು ಹುಣಸಿಹಣ್ಣಿನ ಕೆಲಸಕ್ಕ ಇಷ್ಟೆಲ್ಲಾ ರಂಪ ಬೇಕಿತ್ತೇನಪಾ?”

ಆಮೇಲೆ ವೈದ್ಯರನ್ನೂ ತಿಳಿದವರನ್ನೂ ಕೇಳಿ ಕಲಿತದ್ದನ್ನು ಇಲ್ಲಿ ಒಪ್ಪಿಸುತ್ತೇನೆ. ಸೈಕಲ್ಲಿನವನ ಬಾಟಲಿಯಲ್ಲಿದ್ದದ್ದು ಹೈಡ್ರೋಕ್ಲೋರಿಕ್ ಆಮ್ಲ. ಬ್ಲೀಚಿಂಗ್ ಪುಡಿಯಲ್ಲಿರುವುದು ಹೈಪೋಕ್ಲೋರೈಟ್. ಇವೆರಡೂ ಕೂಡಿದರೆ ಹುಟ್ಟುವುದು ಕ್ಲೋರಿನ್ ಅನಿಲ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂ ದೇಶದ ಈಪ್ರ್ ಊರಿನ ಹತ್ತಿರ ಜರ್ಮನ್ ಸೈನ್ಯ ಎದುರಾಳಿಗಳ ಕಂದಕಗಳ ಕಡೆಗೆ ಹರಿಯಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಅದು ಮೇಲೆ ಹಾರದೆ ತಗ್ಗಿನಲ್ಲಿ ನಿಲ್ಲುತ್ತದೆ. ಎರಡು ಬಾಟಲಿಗಳ ಬುದ್ಧಿಹೀನ ಸಂಯೋಗದಿಂದ ಅದನ್ನು ನಾನು ನನ್ನ ಅಡುಗೆಮನೆಯಲ್ಲಿ ತಯಾರಿಸಿದ್ದೆ. ಬ್ಲೀಚನ್ನು ಅಮೋನಿಯಾ ಇರುವ ದ್ರಾವಣದೊಡನೆ ಬೆರೆಸಿದರೂ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ವಿನೆಗರ್, ನಿಂಬೆರಸಗಳೂ ಆಮ್ಲಗಳೇ. ಆದ್ದರಿಂದ ಇವನ್ನೂ ಬ್ಲೀಚಿನೊಡನೆ ಎಂದಿಗೂ ಕೂಡಿಸಬಾರದು.

ಇಂಥ ಅವಘಡ ಯಾರ ಮನೆಯಲ್ಲಾದರೂ ನಡೆದರೆ ಮಾಡಬೇಕಾದದ್ದಿಷ್ಟು. ಎಲ್ಲರೂ ಕೂಡಲೇ ಆ ಕೋಣೆಯಿಂದ ಹೊರಗೆ ಶುದ್ಧ ಗಾಳಿಗೆ ಬರಬೇಕು. ಹೊರಗೆ ಬರುವ ದಾರಿಯಲ್ಲಿಯೇ ಇದ್ದರೆ ಕಿಟಕಿ ತೆರೆಯಬಹುದು. ಅದಕ್ಕಾಗಿ ಹೊಗೆಯೊಳಗೆ ಮರಳಿ ಹೋಗಬಾರದು. ಕಣ್ಣು ಉರಿಯುತ್ತಿದ್ದರೆ ಹದಿನೈದು ನಿಮಿಷ ಧಾರೆ ನೀರಿನಲ್ಲಿ ತೊಳೆಯಬೇಕು. ಕೆಮ್ಮು, ಎದೆಬಿಗಿತ, ಉಬ್ಬಸ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಮಹಾರಾಷ್ಟ್ರದಲ್ಲಿ 108ಕ್ಕೆ ಕರೆಮಾಡಿದರೆ ಆಂಬುಲೆನ್ಸ್ ದೊರೆಯುತ್ತದೆ. ಮೊದಲಿಗೆ ಏನೂ ಆಗದಂತೆ ತೋರಿ ಕೆಲವು ಗಂಟೆಗಳ ನಂತರ ಶ್ವಾಸಕೋಶಕ್ಕೆ ತೊಂದರೆ ಬರುವುದುಂಟು. ಆದುದರಿಂದ “ಈಗ ಸರಿಯಾಯಿತು” ಎಂದು ಅಲಕ್ಷ್ಯ ಮಾಡಬಾರದು.

ಇಷ್ಟು ಸಾಹಸ ಮಾಡಿ ಸಿಂಕಾದರೂ ಉಳಿಯಿತೆ? ಇಲ್ಲ. ವಾರದೊಳಗೆ ಅದರ ತಳದಲ್ಲಿ ಕರಿಯ ಚುಕ್ಕೆಗಳೂ ಕಂದು ತುಕ್ಕೂ ಕಾಣಿಸಿಕೊಂಡವು.

ಉಕ್ಕಿನ ಕಾಣದ ಕವಚ

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲವೆಂದು ನಾವೆಲ್ಲ ನಂಬಿದ್ದೇವೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು ಉಕ್ಕಿಗೆ ಕ್ರೋಮಿಯಂ ಬೆರೆಸಿ ಇಂಥ ಲೋಹವನ್ನು ತಯಾರಿಸಿದರು. ಒಳ್ಳೆಯ ಸಿಂಕಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಈ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪೊರೆಯೊಂದನ್ನು ಹೊದಿಸುತ್ತದೆ. ಗೀರಿದರೂ ಪೊರೆ ಮತ್ತೆ ಬೆಳೆಯುತ್ತದೆ. ಅದರ ಪರಮಶತ್ರು ಕ್ಲೋರೈಡ್. ಹೈಡ್ರೋಕ್ಲೋರಿಕ್ ಆಮ್ಲ, ಬ್ಲೀಚು, ರಾತ್ರಿಯಿಡೀ ಸಿಂಕಿನಲ್ಲಿ ನಿಂತ ಉಪ್ಪುನೀರು ಇವು ಪೊರೆಯನ್ನು ಅಲ್ಲಲ್ಲಿ ತೂತು ಮಾಡಿ ಒಳಗಿನ ಉಕ್ಕನ್ನು ಕೊರೆಯುತ್ತವೆ. ಉಪ್ಪಿನಕಾಯಿಯ ಭರಣಿ ತೊಳೆದ ನೀರನ್ನು ಸಿಂಕಿನಲ್ಲಿ ನಿಲ್ಲಗೊಡಬಾರದೆಂಬುದು ಇದರಿಂದಲೇ.

ನಲ್ಲಿಯ ಮೈ ಸಾಮಾನ್ಯವಾಗಿ ಹಿತ್ತಾಳೆಯದು. ಅದರ ಮೇಲೆ ನಿಕ್ಕಲಿನ ಲೇಪ, ಅದರ ಮೇಲೆ ಕ್ರೋಮಿಯಮ್ಮಿನ ಅತಿ ತೆಳುವಾದ ಲೇಪ. ಉಗ್ರ ಆಮ್ಲವೂ ಕಬ್ಬಿಣದ ನಾರಿನ ಉಜ್ಜುವಿಕೆಯೂ ಈ ಲೇಪವನ್ನು ಕಿತ್ತು ಹಾಕುತ್ತವೆ. ಒಮ್ಮೆ ಕಿತ್ತುಹೋದರೆ ಮನೆಯಲ್ಲಿ ಮತ್ತೆ ಬರಿಸಲಾಗದು. ಕಬ್ಬಿಣದ ನಾರಿನ ತುಣುಕುಗಳು ಸಿಂಕಿನ ಗೀರುಗಳಲ್ಲಿ ಉಳಿದು ತಾವೇ ತುಕ್ಕುಹಿಡಿದು ಸಿಂಕಿಗೆ ಅಪವಾದ ತರುತ್ತವೆ.

ಕಲೆಯ ಬಣ್ಣವನ್ನು ಓದಲು ಕಲಿಯುವುದು ಒಳ್ಳೆಯದು. ಉಜ್ಜಿದರೆ ಪುಡಿಯಾಗುವ ಬಿಳಿಯ ಕಲೆ ಸುಣ್ಣದ್ದು. ಜಿಗುಟಾದ ಬೂದುಬಣ್ಣದ್ದು ಸಾಬೂನು ಗಡಸು ನೀರಿನೊಡನೆ ಕೂಡಿ ಕಟ್ಟಿದ ಗಸಿ. ಕಂದು ಕಲೆ ಕಬ್ಬಿಣದ್ದು. ನೀಲಿಹಸಿರು ಕಂಡರೆ ಹಿತ್ತಾಳೆ ಅಥವಾ ತಾಮ್ರ ಸವೆಯುತ್ತಿದೆಯೆಂದರ್ಥ. ಸಂದಿಯಲ್ಲಿಯ ಕರಿಯ ಮಚ್ಚೆ ಬೂಷ್ಟು.

ಸುರಕ್ಷಿತವಾದ ಕ್ರಮ

ಸುಣ್ಣದ ಕಲೆ ಕರಗಲು ಬೇಕಾದದ್ದು ಸೌಮ್ಯವಾದ ಹುಳಿ, ಸ್ವಲ್ಪ ಸಮಯ. ಬಲಪ್ರಯೋಗ ಬೇಕಿಲ್ಲ. ನಮ್ಮ ಅಜ್ಜಿಯರು ಹಿತ್ತಾಳೆ-ತಾಮ್ರಗಳನ್ನು ಹುಣಸೆಹಣ್ಣಿನಿಂದ ಬೆಳಗುತ್ತಿದ್ದುದರ ಹಿಂದಿನ ರಹಸ್ಯ ಇದೇ ಹುಳಿ. ನಾವು ಈಗ ಅನುಸರಿಸುವ ಕ್ರಮ ಹೀಗಿದೆ.

ಮೊದಲನೆಯದಾಗಿ, ಪಾತ್ರೆಯ ಸಾಬೂನಿನಿಂದ ಎಣ್ಣೆಯ ಅಂಶವನ್ನು ತೊಳೆಯಬೇಕು. ಎಣ್ಣೆಯ ಪೊರೆಯಿದ್ದಲ್ಲಿ ಹುಳಿ ಸುಣ್ಣವನ್ನು ಮುಟ್ಟುವುದಿಲ್ಲ.

ಎರಡನೆಯದಾಗಿ, ರಸ ಹಿಂಡಿದ ನಿಂಬೆಯ ಹೋಳಿನಿಂದ ಕಲೆಯ ಮೇಲೆ ತಿಕ್ಕಿ ಹತ್ತು ನಿಮಿಷ ಬಿಡಬೇಕು. ಅಥವಾ ಅಡುಗೆಯ ಬಿಳಿಯ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಹಚ್ಚಬಹುದು. ಎಲ್ಲಕ್ಕಿಂತ ಅಗ್ಗದ ಉಪಾಯ ಸಿಟ್ರಿಕ್ ಆಮ್ಲ. ಪುಣೆಯ ಕಿರಾಣಿ ಅಂಗಡಿಯಲ್ಲಿ ‘ಲಿಂಬೂ ಸತ್ತ್ವ’ ಎಂದು ಕೇಳಿದರೆ ಕೊಡುತ್ತಾರೆ. ಒಂದು ಲೋಟ ನೀರಿಗೆ ಒಂದು ಚಹದ ಚಮಚೆ ಸಾಕು. ಹುಣಸೆಯೂ ಆದೀತು, ಅದರ ತಿರುಳು ಮೂಲೆಯಲ್ಲಿ ಉಳಿಯದಂತೆ ತೊಳೆಯಬೇಕು.

ಮೂರನೆಯದಾಗಿ, ನಲ್ಲಿಯ ಕುತ್ತಿಗೆಯ ಉಂಗುರಕ್ಕೆ ಇದೇ ದ್ರಾವಣದಲ್ಲಿ ಅದ್ದಿದ ಅರಿವೆಯನ್ನು ಸುತ್ತಿ ಕಾಲು ಗಂಟೆ ಬಿಡಬೇಕು. ಒಮ್ಮೆಗೆ ಹೋಗದಿದ್ದರೆ ಮರುದಿನ ಮತ್ತೆ ಮಾಡಬೇಕು; ರಾತ್ರಿಯಿಡೀ ಬಿಡಬಾರದು. ಬಂಗಾರದ ಬಣ್ಣದ, ಕಪ್ಪು ಬಣ್ಣದ ನಲ್ಲಿಗಳಿಗೆ ಹುಳಿ ಬೇಡ. ಸಾಬೂನು ನೀರು, ಮೆತ್ತನೆಯ ಬಟ್ಟೆ ಇಷ್ಟೇ ಸಾಕು.

ನಾಲ್ಕನೆಯದಾಗಿ, ನಲ್ಲಿಯ ಬಾಯಿಯಲ್ಲಿ ಸಣ್ಣ ಜಾಲರಿಯಿದ್ದರೆ ತಿಂಗಳಿಗೊಮ್ಮೆ ತಿರುಗಿಸಿ ಬಿಚ್ಚಿ, ಅರ್ಧ ಗಂಟೆ ಹುಳಿನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಅದರಲ್ಲಿ ಸಿಕ್ಕುವ ಸುಣ್ಣ, ಮರಳು, ಲೋಳೆ ನೋಡಿದವರು ಮತ್ತೆಂದೂ ಮರೆಯುವುದಿಲ್ಲ.

ಐದನೆಯದಾಗಿ, ಧಾರಾಳವಾಗಿ ನೀರಿನಿಂದ ತೊಳೆದು ಒಣಬಟ್ಟೆಯಿಂದ ಒರೆಸಬೇಕು. ಹಳೆಯ ಧೋತರದ ತುಂಡಿಗಿಂತ ಒಳ್ಳೆಯ ಬಟ್ಟೆ ಇದಕ್ಕೆ ಇಲ್ಲ. ಸಿಂಕಿನ ಗೆರೆಗಳು ಯಾವ ದಿಕ್ಕಿಗಿವೆಯೋ ಅದೇ ದಿಕ್ಕಿಗೆ ಒರೆಸಬೇಕು.

ಒಂದು ಎಚ್ಚರಿಕೆ ಉಂಟು. ಪುಣೆಯ ಎಷ್ಟೋ ಅಡುಗೆಕಟ್ಟೆಗಳು ಕಡಪಾ ಕಲ್ಲಿನವು. ಹಳೆಯ ಮನೆಗಳ ನೆಲ ಶಹಾಬಾದಿನ ಫರಸಿಯದು. ಶಹಾಬಾದಿನ ಕಲ್ಲು ನಮ್ಮಂತೆಯೇ ಕಲಬುರಗಿಯ ಕಡೆಯಿಂದ ಹೊಟ್ಟೆಪಾಡಿಗೆ ಇಲ್ಲಿಗೆ ಬಂದದ್ದು. ಇವೆರಡೂ ಸುಣ್ಣದಕಲ್ಲಿನ ಜಾತಿಯವು. ಕಲೆಯ ಸುಣ್ಣವನ್ನು ಕರಗಿಸುವ ಹುಳಿ ಈ ಕಲ್ಲನ್ನೂ ತಿನ್ನುತ್ತದೆ. ಅಮೃತಶಿಲೆಯದೂ ಇದೇ ಗತಿ. ಆದ್ದರಿಂದ ಹುಳಿ ಕಟ್ಟೆಯ ಮೇಲೆ ಚೆಲ್ಲದಂತೆ ನೋಡಿಕೊಳ್ಳಬೇಕು. ಚೆಲ್ಲಿದರೆ ಒಡನೆಯೇ ತೊಳೆಯಬೇಕು.

ಮನೆಗೆಲಸದ ಬಾಯಿಯವರಿಂದ ಈ ಕೆಲಸ ಮಾಡಿಸುವವರಿಗೂ ಒಂದು ಮಾತು. ದಿನಕ್ಕೆ ಐದಾರು ಮನೆಯ ಪಾತ್ರೆ ತೊಳೆಯುವ ಆ ಕೈಗಳು ಗಡಸು ನೀರಿನಿಂದಲೂ ಸಾಬೂನಿನಿಂದಲೂ ಮೊದಲೇ ಒಡೆದಿರುತ್ತವೆ. ಒಡೆದ ಚರ್ಮಕ್ಕೆ ಹುಳಿ ತಾಗಿದರೆ ಬೆಂಕಿಯಿಟ್ಟಂತಾಗುತ್ತದೆ. ರಬ್ಬರಿನ ಕೈಗವಸು ಕೊಂಡು ಕೊಡಿರಿ. ಹೆಸರಿಲ್ಲದ ಬಾಟಲಿಗಳನ್ನು ಅವರ ಕೈಗೆ ಕೊಡಬೇಡಿರಿ. ಹೆಸರಿದ್ದ ಬಾಟಲಿಯ ಮೇಲಿನ ಎಚ್ಚರಿಕೆಯನ್ನು ಓದಿ ಹೇಳಿರಿ. ಆಮ್ಲದ ಚಿಲ್ಲರೆ ಮಾರಾಟಕ್ಕೆ ಸುಪ್ರೀಮ್ ಕೋರ್ಟು 2013ರಲ್ಲಿಯೇ ಕಟ್ಟುಪಾಡು ವಿಧಿಸಿದೆ. ಅದನ್ನು ಪಾಲಿಸುವ ಹೊಣೆ ಮಾರುವವನಷ್ಟೇ ಕೊಳ್ಳುವ ನಮಗೂ ಇದೆ.

ಕಲೆಯೂ ಆರೋಗ್ಯವೂ

ಈ ನೀರು ಕುಡಿದರೆ ಮೂತ್ರಕೋಶದಲ್ಲಿ ಕಲ್ಲಾಗುವುದಿಲ್ಲವೆ ಎಂದು ನಮ್ಮ ಸಭೆಗಳಲ್ಲಿ ಎಲ್ಲರೂ ಕೇಳುತ್ತಾರೆ. ಸಿಂಕಿನಲ್ಲಿ ಕಲ್ಲು ಕಟ್ಟುವುದನ್ನು ಕಂಡವರಿಗೆ ಹೊಟ್ಟೆಯಲ್ಲಿಯೂ ಕಟ್ಟೀತೆಂಬ ಭಯ ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ ನೀರಿನ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಗೊತ್ತುಮಾಡಿಲ್ಲ. ಕ್ಯಾಲ್ಷಿಯಮ್ಮೂ ಮೆಗ್ನೀಷಿಯಮ್ಮೂ ದೇಹಕ್ಕೆ ಬೇಕಾದ ಲವಣಗಳೇ. ಮೂತ್ರದ ಕಲ್ಲಿನವರು ಮುಖ್ಯವಾಗಿ ಮಾಡಬೇಕಾದದ್ದು ಸಾಕಷ್ಟು ನೀರು ಕುಡಿಯುವುದು ಮತ್ತು ವೈದ್ಯರ ಸಲಹೆಯಂತೆ ನಡೆಯುವುದು.

ಬೇಳೆ ಬೇಯದಿರುವುದಕ್ಕೆ ಕಾರಣ, ನೀರಿನ ಕ್ಯಾಲ್ಷಿಯಂ ಬೇಳೆಯ ಕೋಶಗಳ ಅಂಟನ್ನು ಗಟ್ಟಿಮಾಡುವುದು. ಅದಕ್ಕೆ ಸೋಡಾ ಹಾಕುವ ಅಭ್ಯಾಸ ಬೇಡ. ಕ್ಷಾರದಲ್ಲಿ ಬೇಳೆಯ ಬಿ-1 ಜೀವಸತ್ತ್ವ ನಾಶವಾಗುತ್ತದೆ. ಮುಂಚಿತವಾಗಿ ನೆನೆಹಾಕಿ, ಕುದಿಸಿ ಆರಿಸಿ ತಿಳಿಯಾಗಿ ಬಸಿದ ನೀರಿನಲ್ಲಿ ಬೇಯಿಸುವುದು ಮೇಲು. ಕುದಿಸಿದಾಗ ಬೈಕಾರ್ಬೊನೇಟಿನ ಗಡಸುತನ ತಳಕ್ಕಿಳಿಯುತ್ತದೆ.

ಸೊಸಾಯಿಟಿಗೆಲ್ಲ ನೀರು ಮೃದುಗೊಳಿಸುವ ಯಂತ್ರ ಹಾಕಿಸುವವರು ಒಂದನ್ನು ನೆನಪಿಡಬೇಕು. ಆ ಯಂತ್ರ ಕ್ಯಾಲ್ಷಿಯಮನ್ನು ಪಡೆದು ಬದಲಿಗೆ ಸೋಡಿಯಮನ್ನು ಕೊಡುತ್ತದೆ. ಅದೊಂದು ವಿನಿಮಯ ವ್ಯವಹಾರ. ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ 46 ಮಿಲಿಗ್ರಾಂ ಸೋಡಿಯಂ. 300ರ ನೀರಾದರೆ ಲೀಟರಿಗೆ 138 ಮಿಲಿಗ್ರಾಂ. ಸಿಂಕಿಗೂ ಬಟ್ಟೆಗೂ ಇದು ಹಿತ. ರಕ್ತದ ಒತ್ತಡದವರು ಅದೇ ನೀರನ್ನು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಇನ್ನು ಅಡುಗೆಮನೆಯ ಆರ್.ಓ. ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣ ಮತ್ತಷ್ಟು ಸಾಂದ್ರವಾಗಿರುತ್ತದೆ. ಅದರಿಂದ ಸಿಂಕು ತೊಳೆದರೆ ಕಲೆ ಇಮ್ಮಡಿಯಾದೀತು, ಪಾಯಖಾನೆಗೆ ಉಪಯೋಗಿಸಬಹುದು.

ಮನೆಯ ನೀರು ಗಡಸೋ ಮೃದುವೋ ಎಂದು ತಿಳಿಯಲು ಸುಲಭೋಪಾಯವಿದೆ. ಬಾಟಲಿಯೊಂದಕ್ಕೆ ಅರ್ಧ ನೀರು ತುಂಬಿ, ಮೈಗೆ ಹಚ್ಚುವ ಸಾಬೂನಿನ ಚೂರು ಹಾಕಿ ಚೆನ್ನಾಗಿ ಅಲುಗಿಸಿರಿ. ನೊರೆ ಎದ್ದು ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಮೃದು ನೀರು. ನೊರೆ ಏಳದೆ ಮೊಸರೊಡೆದಂತಾದರೆ ಗಡಸು. ನಿಖರವಾದ ಅಂಕೆ ಬೇಕಾದರೆ ಪ್ರಯೋಗಶಾಲೆಗೆ ಕೊಡಬೇಕು.

ಹೊಳಪೆಲ್ಲ ಶುದ್ಧಿಯಲ್ಲ

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ, ನಾಂದೇಡ್, ಕಿರಕಟವಾಡಿ, ಧಾಯರಿ ಭಾಗಗಳಲ್ಲಿ, ಗಿಯಾನ್-ಬಾರೆ ಎಂಬ ನರರೋಗ ಏಕಾಏಕಿ ಹಬ್ಬಿದ್ದು ನಮಗೆಲ್ಲ ನೆನಪಿದೆ. ಪುಣೆ ಮತ್ತು ಸುತ್ತಿನಲ್ಲಿ ಶಂಕಿತ ರೋಗಿಗಳ ಸಂಖ್ಯೆ 200ನ್ನು ದಾಟಿತು; ಕೆಲವರು ತೀರಿಕೊಂಡರು. ಹೊಟ್ಟೆಯ ಸೋಂಕಿನ ನಂತರ ದೇಹದ ರಕ್ಷಣಾಶಕ್ತಿಯೇ ತನ್ನ ನರಗಳ ಮೇಲೆ ಎರಗುವ ರೋಗವಿದು. ಹಲವು ರೋಗಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಕಂಡುಬಂದಿತು. ಅದು ಕಲುಷಿತ ನೀರಿನಿಂದಲೂ ಸರಿಯಾಗಿ ಬೇಯದ ಆಹಾರದಿಂದಲೂ ಬರುತ್ತದೆ.

ಆ ದಿನಗಳಲ್ಲಿ ನಾನು ನನ್ನ ಹೊಳೆಯುವ ಹೊಸ ಸಿಂಕಿನ ಮುಂದೆ ನಿಂತು ಯೋಚಿಸಿದೆ. ಇಷ್ಟು ವರ್ಷ ಕಣ್ಣಿಗೆ ಕಾಣುವ, ಆದರೆ ನಿರುಪದ್ರವಿಯಾದ ಬಿಳಿಯ ಕಲೆಗೆ ಹೆದರಿದ್ದೆ. ಹೆದರಬೇಕಾದದ್ದು ಕಣ್ಣಿಗೆ ಕಾಣದೆ ನೀರಿನಲ್ಲಿ ಬರುವುದಕ್ಕೆ. ಕಲೆಯಿರುವ ನಲ್ಲಿಯಲ್ಲಿ ಒಳ್ಳೆಯ ನೀರು ಬರಬಹುದು. ಕನ್ನಡಿಯಂಥ ನಲ್ಲಿಯಲ್ಲಿ ರೋಗ ಬರಬಹುದು. ಹಾಗೆಂದು ಕಲೆಯನ್ನು ಬಿಡಬೇಕೆಂದಲ್ಲ. ಒರಟಾದ ಸುಣ್ಣದ ಪದರದಲ್ಲಿ ಕೊಳೆಯೂ ಲೋಳೆಯೂ ಆಶ್ರಯ ಪಡೆಯುತ್ತವೆ. ಸದಾ ಒದ್ದೆಯಾಗಿರುವ ಸ್ಪಂಜು, ಪಾತ್ರೆಯ ಅರಿವೆ ಇವು ಸೂಕ್ಷ್ಮಾಣುಗಳ ತವರುಮನೆ. ಸಿಂಕು ಒರೆಸುವ ಬಟ್ಟೆ ಬೇರೆ, ತಟ್ಟೆ ಒರೆಸುವ ಬಟ್ಟೆ ಬೇರೆ ಇರಲಿ. ಎರಡೂ ದಿನವೂ ಬಿಸಿಲು ಕಾಣಲಿ. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಿ ಬಂದಾಗ ಪ್ರತಿಯೊಂದು ನಲ್ಲಿಯನ್ನೂ ಕೆಲವು ನಿಮಿಷ ಹರಿಯಬಿಟ್ಟು ಆಮೇಲೆ ಬಳಸಿರಿ. ಸೊಸಾಯಿಟಿಯ ತೊಟ್ಟಿ ಕೊನೆಯ ಸಲ ಎಂದು ತೊಳೆಯಲ್ಪಟ್ಟಿತು, ಟ್ಯಾಂಕರಿನ ನೀರು ಎಲ್ಲಿಯದು, ಕ್ಲೋರಿನ್ ಅಂಶವನ್ನು ಯಾರು ಪರೀಕ್ಷಿಸುತ್ತಾರೆ ಎಂದು ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಕೇಳಿರಿ. ವಾಹನ ನಿಲ್ಲಿಸುವ ಜಾಗಕ್ಕಾಗಿ ನಾವು ಕೇಳುವ ಪ್ರಶ್ನೆಗಳಲ್ಲಿ ಕಾಲುಭಾಗವನ್ನು ನೀರಿಗಾಗಿ ಕೇಳಿದರೂ ಸಾಕು. ಸಂದೇಹವಿದ್ದಾಗ ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ.

ನನ್ನ ತಾಯಿಯವರು ಈಗಲೂ ರಾತ್ರಿಯ ಊಟವಾದ ಮೇಲೆ ಸೆರಗು ಸಿಕ್ಕಿಸಿಕೊಂಡು, ತಂದೆಯವರ ಹಳೆಯ ಧೋತರದ ತುಂಡಿನಿಂದ ಸಿಂಕು ಒರೆಸಿ, ನಲ್ಲಿಯ ಕುತ್ತಿಗೆಯ ಹನಿಯನ್ನೂ ಬಿಡದೆ ತೆಗೆದು, ಬಟ್ಟೆಯನ್ನು ಹಿಂಡಿ ಗ್ಯಾಲರಿಯಲ್ಲಿ ಹರವಿಯೇ ಮಲಗುತ್ತಾರೆ. ಎರಡು ನಿಮಿಷದ ಕೆಲಸ. ನಾನು ಮಾಡುತ್ತೇನೆಂದರೆ, “ನಿನಗ ಬರಂಗಿಲ್ಲ ಬಿಡು” ಎನ್ನುತ್ತಾರೆ. ನನ್ನ ಹಳೆಯ ಬಾಕಿ ಇನ್ನೂ ತೀರಿಲ್ಲವೆಂದು ಇದರಿಂದ ತಿಳಿದುಕೊಂಡಿದ್ದೇನೆ.